ನನ್ನ ಡಿಕ್ಕಿಯಲ್ಲಿ ಕಾಕಾನ ನಾಲ್ಕು ಓಮ್

ನಮ್ಮ ಕಾಕಾ ಕಾರಿನ ಡಿಕ್ಕಿಯಲ್ಲಿ ಏನನ್ನು ಬೇಕಾದರೂ ಇಡಲು ಒಪ್ಪುತ್ತಾರೆ, ಸಾಮಾನು ಒಂದನ್ನು ಬಿಟ್ಟು!

ಇದನ್ನು ನಾನು ತಮಾಷೆಗೆ ಹೇಳುತ್ತಿದ್ದೇನೆ ಎಂದುಕೊಳ್ಳಬೇಡಿ. ಸಿಟ್ಟಿನಿಂದ ಹೇಳುತ್ತಿದ್ದೇನೆ. ಏಕೆಂದರೆ ಆ ಕಾರು ಅವರದಲ್ಲ, ನನ್ನದು. ನನ್ನ ಸಂಬಳದಲ್ಲಿ ಕೊಂಡದ್ದು. ಕಾಗದಪತ್ರದಲ್ಲಿ ನನ್ನ ಹೆಸರಿದೆ. ಬಂಪರಿಗೆ ಕಟ್ಟಿರುವ ನಿಂಬೆಹಣ್ಣು ಮೆಣಸಿನಕಾಯಿಯನ್ನು ಪೋಣಿಸಿದವಳೂ ನಾನೇ. ನಾವು ನಿಂಬೆ ಬೆಳೆಯುವ ಇಂಡಿ ಊರಿನವರು, ನಿಂಬೆಹಣ್ಣಿಗೆ ನಮಗೇನು ಬರ? ಆದರೆ ಅದೇ ನಿಂಬೆಹಣ್ಣಿನ ಒಂದು ಸಣ್ಣ ಚೀಲವನ್ನು ಡಿಕ್ಕಿಯಲ್ಲಿಡಲು ಹೋದರೆ ಜಾಗವಿಲ್ಲ. ನಾನು ಎಲ್ಲಿಗೆ ಹೋದರೂ ನನ್ನ ಬ್ಯಾಗು ನನ್ನ ತೊಡೆಯ ಮೇಲೆ, ಊಟದ ಡಬ್ಬಿ ಬ್ಯಾಗಿನ ಮೇಲೆ, ನನ್ನ ಗಲ್ಲ ಡಬ್ಬಿಯ ಮೇಲೆ. ಕಾರಿನ ಮಾಲಕಿ ಹೀಗೆ ಕುಳಿತು ಊರೂರು ತಿರುಗುವುದನ್ನು ನೀವು ಬೇರೆಲ್ಲಾದರೂ ನೋಡಿದ್ದೀರಾ?

ಕಾರು ನನ್ನದಾದರೂ ಸ್ಟಿಯರಿಂಗು ಕಾಕಾನದು. ಅದು ನನ್ನದೇ ತಪ್ಪು. ಡ್ರೈವಿಂಗ್ ಕಲಿಯುವ ಮೂರನೆಯ ದಿನವೇ ನಾನು ಹಾಲಿನ ಡೇರಿಯ ಕಟ್ಟೆ ಹತ್ತಿಸಿದೆ. ಕಟ್ಟೆಗೆ ಏನೂ ಆಗಲಿಲ್ಲ, ನನ್ನ ಧೈರ್ಯ ಮಾತ್ರ ಅಲ್ಲೇ ಉಳಿಯಿತು. ಆವತ್ತಿನಿಂದ ಕಾಕಾ ಓಡಿಸುತ್ತಾರೆ, ನಾನು ಹಿಂದೆ ಕುಳಿತುಕೊಳ್ಳುತ್ತೇನೆ. ಕಾಕಾ ಎಂದರೆ ನನ್ನ ಅಪ್ಪನ ತಮ್ಮ. ಸಿಂದಗಿ, ಮುದ್ದೇಬಿಹಾಳದ ಹೈಸ್ಕೂಲುಗಳಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾಗಿ, ಈಗ ಇಂಡಿಯಲ್ಲಿ ನಮ್ಮ ಮನೆಯ ಇನ್ನೊಂದು ಪಾಲಿನಲ್ಲಿದ್ದಾರೆ. ನಿವೃತ್ತರಾದ ಮಾಸ್ತರರು ಸಾಮಾನ್ಯವಾಗಿ ಏನು ಮಾಡುತ್ತಾರೆ? ಪುರಾಣ ಕೇಳುತ್ತಾರೆ, ಹೊಲಕ್ಕೆ ಹೋಗಿ ಆಳುಗಳ ತಲೆ ತಿನ್ನುತ್ತಾರೆ, ಇಲ್ಲವೇ ಸೊಸೈಟಿ ಚುನಾವಣೆಗೆ ನಿಲ್ಲುತ್ತಾರೆ. ನಮ್ಮ ಕಾಕಾ ಇಂಪಿಡೆನ್ಸ್ ಹೊಂದಿಸಲು ಶುರುಮಾಡಿದರು.

ಅದೇನು ಎಂದು ನೀವು ಕೇಳುವ ಮೊದಲು ಚಿಗವ್ವನ ವಿಷಯ ಹೇಳಿಬಿಡುತ್ತೇನೆ. ನನ್ನ ಸಿಟ್ಟಿನ ಬೇರು ಇರುವುದು ಅಲ್ಲಿ. ಚಿಗವ್ವ ಎಂದರೆ ಕಾಕಾನ ಹೆಂಡತಿ. ನಾಲ್ಕೈದು ವರ್ಷಗಳಿಂದ ಅವರ ಕಿವಿ ಒಂದೊಂದೇ ಮೆಟ್ಟಿಲು ಇಳಿಯುತ್ತ ಬಂದು ಈಗ ಪೂರ್ತಿ ತಳ ಸೇರಿದೆ. ವಿಜಯಪುರದ ಡಾಕ್ಟರು ಪರೀಕ್ಷೆ ಮಾಡಿ, ಸಣ್ಣ ದನಿಗಳು ಮೊದಲು ಹೋಗುತ್ತವೆ, ದಪ್ಪ ದನಿಗಳು ಕಡೆಗೆ ಹೋಗುತ್ತವೆ ಎಂದರು. ಕಿವಿಗೆ ಹಾಕುವ ಮಷೀನನ್ನೂ ಕೊಟ್ಟರು. ಅದನ್ನು ಹಾಕಿಕೊಂಡರೆ ಕಿವಿಯೊಳಗೆ ಯಾರೋ ಫುಟಾಣಿ ಹುರಿದಂತಾಗುತ್ತದೆ ಎಂದು ಚಿಗವ್ವ ಅದನ್ನು ಲವಂಗದ ಡಬ್ಬಿಯಲ್ಲಿ ಹಾಕಿಟ್ಟಿದ್ದಾರೆ. ಈಗ ಅದರಿಂದ ಲವಂಗಕ್ಕೆ ಮಾತ್ರ ಉಪಯೋಗ.

ಈ ಚಿಗವ್ವ ಯಾರು ಗೊತ್ತೇ? ಮುದ್ದೇಬಿಹಾಳದ ಕಡೆಯ ಒಂದು ಹಳ್ಳಿಯಲ್ಲಿ ಭಜನೆ ಮೇಳಕ್ಕೆ ಡಗ್ಗಾ ಬಾರಿಸುತ್ತಿದ್ದವರ ಮಗಳು. ತಬಲಾ ಜೋಡಿಯಲ್ಲಿ ಗುಮ್ಮೆನ್ನುವ ದೊಡ್ಡದು ಇರುತ್ತದಲ್ಲ, ಅದೇ ಡಗ್ಗಾ. ಚಿಕ್ಕಂದಿನಲ್ಲಿ ಅಪ್ಪನ ಬೆನ್ನಿಗೆ ಬೆನ್ನು ಹಚ್ಚಿ ಕುಳಿತು, ಹಾಡು ಮುಗಿಯುವುದರೊಳಗೆ ನಿದ್ದೆ ಹೋಗುತ್ತಿದ್ದರಂತೆ. ಇಂಡಿಗೆ ಬಂದ ಮೇಲೂ ನಮ್ಮ ಓಣಿಯ ಗುಡಿಯಲ್ಲಿ ಸೋಮವಾರದ ಭಜನೆ ತಪ್ಪಿಸಿದವರಲ್ಲ. ಹಾಡು ಬಾರದು. ಡಗ್ಗಾ ಬಾರಿಸುವವನ ಪಕ್ಕದಲ್ಲಿ ಕುಳಿತು ಅವನ ತಪ್ಪು ಹುಡುಕುವುದೇ ಅವರ ಭಕ್ತಿ! ಅಂಥವರು ಭಜನೆ ಬಿಟ್ಟರು. ಆಮೇಲೆ ಮದುವೆ ಮುಂಜಿ ಬಿಟ್ಟರು. ಆಮೇಲೆ ಕಟ್ಟೆಯ ಮೇಲೆ ಕೂರುವುದನ್ನೂ ಬಿಟ್ಟು ಒಳಕೋಣೆ ಸೇರಿದರು. ಮಂದಿ ಮಾತಾಡುವಾಗ ಸುಮ್ಮನೆ ತಲೆಯಾಡಿಸುತ್ತ ಕೂರುವುದು ಯಾರಿಗೆ ತಾನೆ ಬೇಕು? ಕಾರು ಹೊರಟಿದೆ ಎಂದರೆ ಮಾತ್ರ ಎದ್ದು ಬಂದು ಹಿಂದಿನ ಸೀಟಿನಲ್ಲಿ ಕೂರುತ್ತಿದ್ದರು. ಗಾಳಿ ಬೇಕಾಗಿರಬೇಕು ಎಂದು ನಾನು ತಿಳಿದಿದ್ದೆ.

ಹೆಂಡತಿಗೆ ಹೀಗಾಗಿರುವಾಗ ಗಂಡನಾದವನು ಏನು ಮಾಡಬೇಕು? ಇನ್ನೊಬ್ಬ ಡಾಕ್ಟರನ್ನು ಹುಡುಕಬೇಕು, ಸೋಲಾಪುರಕ್ಕೆ ಕರೆದುಕೊಂಡು ಹೋಗಬೇಕು. ಕಾಕಾ ಚಡಚಣಕ್ಕೆ ಹೋಗಿ ಸಬ್‌ವೂಫರ್ ತಂದರು!

ಅದು ದಪ್ಪ ದನಿಗೆಂದೇ ಮಾಡಿದ, ಊಟದ ತಟ್ಟೆಯಷ್ಟು ಅಗಲದ ಒಂದು ಕಪ್ಪು ಸ್ಪೀಕರು. ಯಾರೋ ಟೆಂಪೊದವರು ತಮ್ಮ ಗಾಡಿಯಿಂದ ಬಿಚ್ಚಿ ಮಾರಿದ್ದು. ಅದರ ಜತೆಗೆ ಒಂದು ಆಂಪ್ಲಿಫಾಯರು. ಈ ಆಂಪ್ಲಿಫಾಯರಿನ ಬೆನ್ನ ಮೇಲೆ ನಾಲ್ಕು ಓಮ್ ಎಂದು ಬರೆದಿತ್ತು, ಸ್ಪೀಕರಿನ ಬೆನ್ನ ಮೇಲೂ ನಾಲ್ಕು ಓಮ್ ಎಂದು ಬರೆದಿತ್ತು. ಓಮ್ ಎಂದರೆ ಕರೆಂಟಿಗೆ ಒಡ್ಡುವ ತಡೆಯ ಅಳತೆ, ಆ ತಡೆಯೇ ಕಾಕಾನ ಇಂಪಿಡೆನ್ಸ್. ಗಂಡು ಹೆಣ್ಣಿನ ಜಾತಕ ಕೂಡಿಬಂದವರ ಹಾಗೆ ಕಾಕಾ ಎರಡನ್ನೂ ನನಗೆ ತೋರಿಸಿ ತೋರಿಸಿ ಹಿಗ್ಗಿದರು. ನಾನು ಕನ್ನಡ ಕಲಿಸುವ ಸಾಲೆಯಿಂದ ಬರುವುದರೊಳಗೆ ಅವು ನನ್ನ ಡಿಕ್ಕಿಯಲ್ಲಿ ಸಂಸಾರ ಹೂಡಿದ್ದವು.

ಮರುದಿನ ಹೊರ್ತಿಗೆ ಹೊರಟೆವು. ನಮ್ಮ ಓಣಿಯ ಭಜನೆಯನ್ನು ಕಾಕಾ ಯಾವಾಗಲೋ ಮೊಬೈಲಿನಲ್ಲಿ ತುಂಬಿಕೊಂಡಿದ್ದರು, ಅದನ್ನು ಹಚ್ಚಿದರು. ಏನು ಹೇಳಲಿ! ಹಾಡು ಕೇಳಿಸಲಿಲ್ಲ, ಡಗ್ಗಾ ಮಾತ್ರ ಕೇಳಿಸಿತು. ಕೇಳಿಸಿತು ಎನ್ನುವುದೂ ತಪ್ಪು, ಅದು ನನ್ನ ಹೊಟ್ಟೆಯಲ್ಲಿ ಬಾರಿಸಿತು. ಹೊರ್ತಿಯ ಚಹಾ ಅಂಗಡಿಯ ಮುಂದೆ ನಿಂತಾಗ ಗ್ಲಾಸಿನೊಳಗಿನ ಚಹಾ ನಡುಗಿತು. ಅಂಗಡಿಯವನು ಹೊರಗೆ ಬಂದು ರಸ್ತೆ ಅಗಲ ಮಾಡುವ ಬುಲ್ಡೋಜರು ಬಂತೇ ಎಂದು ಎರಡೂ ಕಡೆ ನೋಡಿದ. ಅವನ ಕೋಳಿಗಳು ಆವತ್ತು ಗೂಡಿಗೆ ವಾಪಸು ಬಂದವೋ ಇಲ್ಲವೋ ದೇವರಿಗೇ ಗೊತ್ತು. ಚಿಗವ್ವ ನನ್ನ ಪಕ್ಕದಲ್ಲಿ ಬೆನ್ನನ್ನು ಸೀಟಿಗೆ ಒತ್ತಿ, ಕಣ್ಣು ಮುಚ್ಚಿ ಕುಳಿತುಬಿಟ್ಟಿದ್ದರು. ಪಾಪ, ತಲೆನೋವು ಬಂದಿರಬೇಕು ಎಂದುಕೊಂಡೆ. ಕಟ್ಟಿಕೊಂಡ ಗಂಡನಿಗೆ ಅಷ್ಟೂ ತಿಳಿಯಬಾರದೇ?

ಅಲ್ಲಿಗೆ ಮುಗಿದಿದ್ದರೆ ನಾನು ಈ ಪ್ರಬಂಧ ಬರೆಯುತ್ತಿರಲಿಲ್ಲ. ತಿಂಗಳೊಳಗೆ ಎರಡನೆಯದು ಬಂತು. ಎರಡನೆಯದು ಬಂದ ಮೇಲೆ ಮನೆಯಲ್ಲಿ ಸಮಸ್ಯೆ ಶುರುವಾಯಿತು. ಸಮಸ್ಯೆ ಏನೆಂದು ಕೇಳಿದ್ದೇ ನನ್ನ ತಪ್ಪು. ಕಾಕಾ ನನ್ನನ್ನು ಕಟ್ಟೆಯ ಮೇಲೆ ಕೂರಿಸಿಕೊಂಡು, ಒಂಬತ್ತನೇ ಇಯತ್ತೆಯ ಹುಡುಗಿಗೆ ಹೇಳುವಂತೆ ಪಾಠ ಶುರುಮಾಡಿದರು.

“ಆಂಪ್ಲಿಫಾಯರ್ ಅಂದ್ರ ಬಡಸಾಂವ. ಈ ಸ್ಪೀಕರ್ ಅಂದ್ರ ಉಣ್ಣಾಕ ಕುಂತ ಮಂದಿ. ಎಲ್ಲಾರ್ನೂ ಒಂದ ಪಂಕ್ತ್ಯಾಗ ಸಾಲಾಗಿ ಕುಂದ್ರಿಸಿದ್ರ ಬಡಸಾಂವ ಕಡೀತನ ಹೋಗೂದ್ರಾಗ ಹೋಳಿಗಿ ಆರತೈತಿ. ಒಬ್ಬೊಬ್ಬರಿಗೆ ಒಂದೊಂದು ಪಂಕ್ತಿ ಮಾಡಿದ್ರ ಎಲ್ಲಾರೂ ಒಮ್ಮೆಲೆ ಹೋಳಿಗಿ ಹಾಕು ಅಂತಾರ, ಬಡಸಾಂವ ಕುಸದು ಬೀಳ್ತಾನ.”

ಅರ್ಥವಾಯಿತೇ? ನನಗೆ ಹೋಳಿಗೆ ಅರ್ಥವಾಯಿತು. ಉಳಿದದ್ದನ್ನು ಅನುಭವದಿಂದ ಕಲಿತೆ. ಎರಡು ಸ್ಪೀಕರನ್ನು ಸಾಲಾಗಿ, ಅಂದರೆ ಸೀರೀಸಿನಲ್ಲಿ ಕಟ್ಟಿದರೆ ಎಂಟು ಓಮ್ ಆಗುತ್ತದೆ, ಡಗ್ಗಾ ಉಪವಾಸವಿದ್ದವರ ಹಾಗೆ ಗೊಣಗುತ್ತದೆ. ಅಕ್ಕಪಕ್ಕ, ಅಂದರೆ ಪ್ಯಾರಲಲ್ಲಿನಲ್ಲಿ ಕಟ್ಟಿದರೆ ಎರಡು ಓಮ್ ಆಗುತ್ತದೆ, ಆಂಪ್ಲಿಫಾಯರು ಕಾದ ಹಂಚಾಗಿ ಕೆಂಪು ದೀಪ ಹಚ್ಚಿ ಮುಷ್ಕರ ಹೂಡುತ್ತದೆ. ಒಮ್ಮೆ ಸಿಂದಗಿಗೆ ಹೋಗುವಾಗ ದಾರಿಯಲ್ಲಿ ಆರು ಸಲ ಮುಷ್ಕರವಾಯಿತು. ಆರು ಸಲವೂ ಕಾಕಾ ಕಾರು ನಿಲ್ಲಿಸಿ, ಡಿಕ್ಕಿ ತೆಗೆದು, ಅದಕ್ಕೆ ಗಾಳಿ ಬೀಸಿದರು. ಏತರಿಂದ ಎಂದು ಹೇಳಲೇ? ನನ್ನ ಮಕ್ಕಳ ಅರ್ಧವಾರ್ಷಿಕ ಪರೀಕ್ಷೆಯ ಉತ್ತರಪತ್ರಿಕೆಯ ಕಟ್ಟಿನಿಂದ! ತೊಗರಿ ಹೊಲದ ಬದುವಿನಲ್ಲಿ ಹತ್ತನೇ ‘ಬ’ ವರ್ಗದ ವ್ಯಾಕರಣವೆಲ್ಲ ಹಾರಾಡಿತು. ಇಬ್ಬರು ಹುಡುಗರ ಉತ್ತರಪತ್ರಿಕೆಗಳನ್ನು ಜಾಲಿಗಿಡದಿಂದ ಬಿಡಿಸಿಕೊಂಡು ಬಂದೆ. ಅವರಿಗೆ ಎರಡೆರಡು ಅಂಕ ಹೆಚ್ಚು ಕೊಟ್ಟೆ, ನಾನೂ ಮನುಷ್ಯಳೇ ಅಲ್ಲವೇ?

ಮರುದಿನ ಬೆಳಿಗ್ಗೆ ನಾಷ್ಟಾದ ಹೊತ್ತಿಗೆ ಕಾಕಾ ತೀರ್ಪು ಕೊಟ್ಟರು. ಎರಡರಿಂದ ನಾಲ್ಕು ಓಮ್ ಬರುವುದು ಸಾಧ್ಯವಿಲ್ಲ. ಮೂರರಿಂದಲೂ ಸಾಧ್ಯವಿಲ್ಲ. ನಾಲ್ಕು ಇದ್ದರೆ ಸಾಧ್ಯ. ಎರಡು ಪಂಕ್ತಿ, ಪಂಕ್ತಿಗೆ ಇಬ್ಬರು. ನಾಲ್ಕು ಸ್ಪೀಕರು ಸೇರಿದರೂ ಬಡಿಸುವವನ ಲೆಕ್ಕಕ್ಕೆ ಒಂದೇ. ಅಂದರೆ ಇನ್ನೂ ಎರಡು ತರಬೇಕು.

“ಕಾಕಾ, ಒಂದೇ ಇದ್ದಾಗಲೂ ನಾಲ್ಕೇ ಓಮ್ ಇತ್ತಲ್ಲ?” ಎಂದೆ. ಗಣಿತದ ಮಾಸ್ತರರ ಮಗಳು ನಾನು, ಬಿಡುತ್ತೇನೆಯೇ?

“ಒಂದರಾಗ ಹೊಟ್ಟಿ ತುಂಬೂದಿಲ್ಲ.”

ಯಾರ ಹೊಟ್ಟೆ ಎಂದು ಕೇಳಿದೆ. ಕಾಕಾ ಒಳಕೋಣೆಯ ಕಡೆ ನೋಡಿ, ಚುರುಮುರಿಯ ತಟ್ಟೆ ಎತ್ತಿಕೊಂಡು ಎದ್ದುಹೋದರು. ಉತ್ತರ ಬಾರದ ಹುಡುಗರು ಕಿಟಕಿಯ ಕಡೆ ನೋಡುವುದನ್ನು ನಾನು ದಿನಾ ನೋಡುತ್ತೇನೆ.

ನಾಲ್ಕಾದವು. ಎರಡೆರಡನ್ನು ಒಂದೊಂದು ಪ್ಲೈವುಡ್ ಪೆಟ್ಟಿಗೆಯಲ್ಲಿ ಕೂರಿಸಿ, ಪೆಟ್ಟಿಗೆಯ ಹಿಂಬದಿಗೆ ವಾಯರು ಕಟ್ಟಲು ಎರಡೆರಡು ಹಿತ್ತಾಳೆ ನಟ್ಟು ಹಾಕಿದರು. ಪ್ಲಸ್ ಯಾವುದು ಎಂದು ಗುರುತಿಗೆ, ಕಾರಹುಣ್ಣಿಮೆಯಲ್ಲಿ ಎತ್ತಿನ ಕೋಡಿಗೆ ಬಳಿದು ಉಳಿದಿದ್ದ ಕೆಂಪು ಬಣ್ಣದಿಂದ ಎರಡರಲ್ಲೂ ಒಂದೇ ಕಡೆಯ ನಟ್ಟಿಗೆ ಚುಕ್ಕೆ ಇಟ್ಟರು. ಎರಡು ಪೆಟ್ಟಿಗೆ ಡಿಕ್ಕಿಯಲ್ಲಿ ಕೂತ ಮೇಲೆ ಅಲ್ಲಿ ಒಂದು ಸ್ಕ್ರೂಡ್ರೈವರಿಗೂ ಎಡೆ ಉಳಿಯಲಿಲ್ಲ. ಮುದ್ದೇಬಿಹಾಳದಲ್ಲಿ ನನ್ನ ತಂಗಿಯ ಮಗುವಿನ ಹೆಸರಿಡುವ ಕಾರ್ಯಕ್ಕೆ ತವರಿನಿಂದ ತೊಟ್ಟಿಲು ಒಯ್ಯಬೇಕಿತ್ತು. ತೊಟ್ಟಿಲನ್ನು ಕಾರಿನ ತಲೆಯ ಮೇಲೆ ಕಟ್ಟಿದೆವು! ಬಾಗೇವಾಡಿ ದಾಟುವಾಗ ದಾರಿಯಲ್ಲಿ ಸಿಕ್ಕವರೆಲ್ಲ ಬಗ್ಗಿ ಬಗ್ಗಿ ಒಳಗೆ ಕೂಸು ಹುಡುಕಿದರು. ಸಿಕ್ಕಿದ್ದು ಬುಂದಿ ಉಂಡಿಯ ಬುಟ್ಟಿ ತೊಡೆಯ ಮೇಲಿಟ್ಟುಕೊಂಡು ಕೆಂಡವಾಗಿ ಕುಳಿತಿದ್ದ ನಾನು. ತಂಗಿಯ ಅತ್ತೆ ಬಾಗಿಲಲ್ಲೇ ನಿಂತು, ಡಿಕ್ಕಿಯಲ್ಲಿ ಮತ್ತೇನು ತಂದಿದ್ದೀರಿ ಎಂದು ಆಸೆಯಿಂದ ಕೇಳಿದರು. ಕಾಕಾ ಡಿಕ್ಕಿ ತೆಗೆದು ಅವರಿಗೆ ನಾಲ್ಕು ಓಮ್ ತೋರಿಸಿದರು.

ವಾಪಸು ಬರುವಾಗ ನಾನು ತಡೆಯಲಾರದೆ ಅಂದೇಬಿಟ್ಟೆ. ಮನೆಯಲ್ಲಿ ಒಬ್ಬರಿಗೆ ಕಿವಿ ಕೇಳುವುದಿಲ್ಲ, ನೀವು ನಾಲ್ಕು ನಾಲ್ಕು ಸ್ಪೀಕರು ತಂದು ಗುಡುಗಿಸುತ್ತೀರಿ, ಕುರುಡರ ಮನೆಗೆ ಕನ್ನಡಿ ತಂದಂತಾಯಿತು, ನಿಮಗೆ ನಾಚಿಕೆ ಬೇಡವೇ ಎಂದು ಕೇಳಿದೆ. ಹಿರಿಯರಿಗೆ ಹಾಗೆ ಅನ್ನಬಾರದಿತ್ತು. ಚಿಗವ್ವ ನನ್ನ ಪಕ್ಕದಲ್ಲೇ ಇದ್ದರು, ಆದರೆ ಅವರಿಗೆ ಕೇಳುವುದಿಲ್ಲವಲ್ಲ! ಕಾಕಾ ಗೇರು ಬದಲಿಸಿದರು. ಆಮೇಲೆ, “ಕಿವಿಗೂ ಒಂದು ಇಂಪಿಡೆನ್ಸ್ ಇರತೈತಿ, ಅಕ್ಕೋರ” ಎಂದರು. ನಮ್ಮ ಕಡೆ ಹುಡುಗರು ಟೀಚರಿಗೆ ಅಕ್ಕೋರು ಎನ್ನುತ್ತಾರೆ, ನನ್ನನ್ನು ಕೆಣಕಬೇಕಾದಾಗ ಕಾಕಾ ಹಾಗೆ ಕರೆಯುತ್ತಾರೆ. ಆ ಉತ್ತರ ಕೇಳಿ ನಾನು ಎರಡು ದಿನ ಅವರ ಮನೆಯ ಚಹಾ ಕುಡಿಯಲಿಲ್ಲ.

ಇಷ್ಟರಲ್ಲಿ ಖಂಡೇಪೂಜೆ, ಅಂದರೆ ಆಯುಧಪೂಜೆ, ಬಂತು. ಮನೆಯ ಕುಡುಗೋಲು, ಈಳಿಗೆ, ಹೊಲಿಗೆ ಮಷೀನು, ಕಾಕಾನ ಮಲ್ಟಿಮೀಟರು, ನನ್ನ ಕೆಂಪು ಪೆನ್ನು, ಎಲ್ಲಕ್ಕೂ ಆವತ್ತು ಪೂಜೆ. ಕಾರು ತೊಳೆಯಲೆಂದು ಕಾಕಾ ವಾಯರು ಬಿಚ್ಚಿ ಪೆಟ್ಟಿಗೆಗಳನ್ನು ಅಂಗಳದಲ್ಲಿಟ್ಟು ಬಾಳೆಕಂಬ ತರಲು ಹೋದರು. ಅವುಗಳ ಮೇಲೆ ನನಗೆಷ್ಟೇ ಸಿಟ್ಟಿರಲಿ, ಪೂಜೆಯ ದಿನ ಧೂಳು ಹಿಡಿದು ಕೂರಬಾರದು ನೋಡಿ. ಸೀಮೆಎಣ್ಣೆಯಲ್ಲಿ ಅರಿವೆ ಅದ್ದಿ ಒರೆಸಿದೆ. ಹಿಂಬದಿಯ ನಟ್ಟುಗಳ ಮೇಲೆ ಏನೋ ಮಾಸಿದ ಕೆಂಪು ಚುಕ್ಕೆಯಿತ್ತು, ಹಳೆಯ ಪೂಜೆಯ ಕುಂಕುಮ ಇರಬೇಕೆಂದು ತಿಕ್ಕಿ ತಿಕ್ಕಿ ತೆಗೆದೆ. ಎಣ್ಣೆಯಲ್ಲಿ ಕಲಸಿದ ಹೊಸ ಕುಂಕುಮವನ್ನು ಎರಡೂ ಪೆಟ್ಟಿಗೆಯ ಬಲಗಡೆಯ ನಟ್ಟಿಗೆ ಹಚ್ಚಿದೆ. ಶುಭಕಾರ್ಯದಲ್ಲಿ ಬಲಗಡೆಗೇ ಹಚ್ಚಬೇಕಲ್ಲವೇ? ಒಂದು ಪೆಟ್ಟಿಗೆ ನೆಟ್ಟಗೆ ಇತ್ತು, ಇನ್ನೊಂದನ್ನು ಒರೆಸುವಾಗ ನಾನೇ ತಲೆಕೆಳಗು ಮಾಡಿದ್ದೆ. ಪ್ಲೈವುಡ್ ಪೆಟ್ಟಿಗೆಗೆ ತಲೆ ಯಾವುದು, ಕಾಲು ಯಾವುದು? ಪೂಜೆ ಅಚ್ಚುಕಟ್ಟಾಗಿ ಆಯಿತು ಎಂದು ನನಗೆ ಬಹಳ ಸಮಾಧಾನವಾಯಿತು. ಕಾಕಾ ಕೂಡ ಪೆಟ್ಟಿಗೆಗಳ ಹೊಳಪು ನೋಡಿ ನನ್ನನ್ನು ಹೊಗಳಿದರು. ಸಂಜೆ ಎಂದಿನಂತೆ ಕೆಂಪು ಚುಕ್ಕೆಗೆ ಕೆಂಪು ವಾಯರು ಕಟ್ಟಿ ಡಿಕ್ಕಿಯಲ್ಲಿ ಕೂರಿಸಿದರು.

ಮರುದಿನ ಬನ್ನಿ ಕೊಡಲು ಬಂಧುಗಳ ಮನೆಗೆ ಹೊರಟೆವು. ಕಾಕಾ ಭಜನೆ ಹಚ್ಚಿದರು. ಡಗ್ಗಾ ಇಲ್ಲ! ಹಾಡು ಇದೆ, ತಾಳ ಇದೆ, ಹಾರ್ಮೋನಿಯಂ ಇದೆ, ಡಗ್ಗಾ ಮಾತ್ರ ಸತ್ತುಹೋಗಿದೆ. ನನಗಂತೂ ಹೊಟ್ಟೆ ತಣ್ಣಗಾಯಿತು. ಖಂಡೇಪೂಜೆ ಇಷ್ಟು ಬೇಗ ಫಲ ಕೊಟ್ಟಿದ್ದು ನನ್ನ ಜೀವಮಾನದಲ್ಲಿ ಅದೇ ಮೊದಲು. ಚಿಗವ್ವ ಒಂದೆರಡು ಸಲ ಸೀಟಿನಲ್ಲಿ ಹಿಂದೆ ಮುಂದೆ ಸರಿದು, ಬೆನ್ನು ಒತ್ತಿ ನೋಡಿ, ಕಡೆಗೆ ಕಿಟಕಿಯ ಕಡೆ ಮುಖ ಮಾಡಿ ಕುಳಿತರು.

ಆಮೇಲಿನ ಮೂರು ವಾರ ಕಾಕಾ ಪಟ್ಟ ಪಾಡು ಹೇಳತೀರದು. ಮಲ್ಟಿಮೀಟರು ಹಿಡಿದರೆ ನಾಲ್ಕು ಓಮಿನ ಲೆಕ್ಕ ಕರಾರುವಾಕ್ಕಾಗಿದೆ. ಆಂಪ್ಲಿಫಾಯರು ತಣ್ಣಗಿದೆ, ಕೆಂಪು ದೀಪವಿಲ್ಲ. ಒಂದೊಂದೇ ಪೆಟ್ಟಿಗೆ ಕಟ್ಟಿ ನೋಡಿದರೆ ಗುಮ್ಮೆನ್ನುತ್ತದೆ. ಎರಡನ್ನೂ ಕಟ್ಟಿದರೆ ಇಲ್ಲ. ಸೀರೀಸು ಮಾಡಿದರು, ಪ್ಯಾರಲಲ್ ಮಾಡಿದರು, ಬಿಚ್ಚಿದರು, ಕಟ್ಟಿದರು. ಹಳೆಯ ಲಗ್ನಪತ್ರಿಕೆಗಳ ಬೆನ್ನ ಮೇಲೆಲ್ಲ ಲೆಕ್ಕ ಬರೆದರು. ವಾಯರು ಹಳತಾಯಿತೆಂದು ವಿಜಯಪುರದಿಂದ ಹೊಸದು ತಂದರು, ಆಂಪ್ಲಿಫಾಯರಿನ ಕೈವಾಡವೆಂದು ಅದನ್ನು ಮಾರಿದ ಚಡಚಣದವನ ಜತೆ ಫೋನಿನಲ್ಲಿ ಜಗಳವಾಡಿದರು. ಓಣಿಯ ಕಿವಿ ಇದ್ದವರನ್ನೆಲ್ಲ ಕರೆದು ಡಿಕ್ಕಿಗೆ ಕಿವಿ ಹಚ್ಚಿಸಿದರು. ಒಬ್ಬರು ಗಾಳಿ ಸೇರಿದೆ ಎಂದರು, ಇನ್ನೊಬ್ಬರು ದೃಷ್ಟಿಯಾಗಿದೆ ಎಂದರು. ಮನುಷ್ಯ ಊಟ ಕಡಿಮೆ ಮಾಡಿದರು. ಇಷ್ಟಾದರೂ ಕೆಂಪು ಚುಕ್ಕೆಯ ಮೇಲೆ ಅವರಿಗೆ ಸಂಶಯವೇ ಬರಲಿಲ್ಲ. ಅದು ಅವರೇ ಇಟ್ಟ ಗುರುತಲ್ಲವೇ?

ಇದೇ ಹೊತ್ತಿಗೆ ಚಿಗವ್ವ ಕಾರಿಗೆ ಬರುವುದನ್ನೂ ಬಿಟ್ಟುಬಿಟ್ಟರು. ಹೊರಡೋಣ ಬಾ ಎಂದು ಕೈಸನ್ನೆ ಮಾಡಿದರೆ ಮೊಣಕಾಲು ತೋರಿಸುತ್ತಿದ್ದರು. ಮೊಣಕಾಲಿಗೆ ಏನೂ ಆಗಿರಲಿಲ್ಲ. ಗೋಡೆಗೆ ಒರಗಿ, ಶೇಂಗಾ ಒಡೆಯುತ್ತ, ಒಡೆದಿದ್ದನ್ನೂ ಎಣಿಸದೆ ಕುಳಿತಿರುತ್ತಿದ್ದರು. ಅದನ್ನು ನೋಡಿ ನನ್ನ ಸಿಟ್ಟು ಇನ್ನಷ್ಟು ಏರಿತು. ಹೆಂಡತಿ ಹೀಗೆ ಕೂತಿರುವಾಗ ಈ ಮಹಾಶಯರು ಡಿಕ್ಕಿಯೊಳಗೆ ತಲೆಯಿಟ್ಟುಕೊಂಡು ಇದ್ದಾರಲ್ಲ!

ಕಡೆಗೊಂದು ದಿನ ಕಾಕಾ ಸೋತರು. ಬಾಗೇವಾಡಿಯಲ್ಲಿ ಚಿಗವ್ವನ ಅಕ್ಕನ ಹೊಸ ಮನೆಯ ಪ್ರವೇಶವಿತ್ತು. ಆವತ್ತು ಬೆಳಿಗ್ಗೆ ನನ್ನನ್ನು ಅಂಗಳಕ್ಕೆ ಕರೆದು, “ಇಳಿಸೋಣು ಬಾ. ಚಡಚಣದಾಂವ ವಾಪಸ್ ತಗೋತೇನಿ ಅಂದಾನ. ನಿನ್ನ ಬ್ಯಾಗ್ ಇಡಾಕ ಜಾಗಾ ಆಗಲಿ” ಎಂದರು. ನಾನು ಸೆರಗು ಸಿಕ್ಕಿಸಿ ನಿಂತೆ. ಇಂಥ ಸುದಿನಕ್ಕಾಗಿ ಎಷ್ಟು ಕಾಯ್ದಿದ್ದೆ! ಇಳಿಸುವ ಮೊದಲು ಕಡೆಯ ಸಲ ಎಂದು ಕಾಕಾ ಭಜನೆ ಹಚ್ಚಿದರು. ಸತ್ತವರ ಬಾಯಿಗೆ ನೀರು ಬಿಟ್ಟ ಹಾಗೆ ನನಗೆ ಕಂಡಿತು. ಆಗ ಚಿಗವ್ವ ಚಹಾ ತಂದರು. ಕಪ್ಪುಗಳನ್ನು ನಮ್ಮ ಕೈಗೆ ಕೊಟ್ಟು, ಬಗ್ಗಿ ನಿಂತ ಬೆನ್ನಿಗೆ ಆಸರೆಯಾಗಲಿ ಎಂದು ಒಂದು ಕೈಯನ್ನು ಒಂದು ಪೆಟ್ಟಿಗೆಯ ಸ್ಪೀಕರಿನ ಮೇಲೆ, ಇನ್ನೊಂದನ್ನು ಇನ್ನೊಂದು ಪೆಟ್ಟಿಗೆಯ ಸ್ಪೀಕರಿನ ಮೇಲೆ ಊರಿದರು.

ಊರಿದವರು ಅಲ್ಲೇ ನಿಂತರು. ಕೈ ತೆಗೆದರು, ಮತ್ತೆ ಇಟ್ಟರು. ಕಿವಿ ಕೇಳದವರ ಮಾತು ಯಾವಾಗಲೂ ಜೋರು. ಅಂಗಳ ದಾಟಿ ಓಣಿಗೆಲ್ಲ ಕೇಳುವಂತೆ ಚಿಗವ್ವ ಹೇಳಿದರು:

“ಇದು ಬರುವಾಗ ಅದು ಹೋಗತೈತಿ. ಇಬ್ಬರು ಎದಿರಾಬದರು ದಬ್ಬಾಕತ್ತಾರ.”

ಕಾಕಾ ತಟ್ಟನೆ ತಿರುಗಿದರು. ಅವರು ಕಪ್ಪು ಕೆಳಗಿಟ್ಟು, ಎರಡನೆಯ ಪೆಟ್ಟಿಗೆಯ ಹಿಂದೆ ಕೈ ಹಾಕಿ, ಕೆಂಪು ಚುಕ್ಕೆಯನ್ನು ಹೆಬ್ಬೆರಳಿನಿಂದ ತಿಕ್ಕಿದರು. ಕೋಡಿನ ಬಣ್ಣ ತಿಕ್ಕಿದರೆ ಹೋಗುವುದಿಲ್ಲ. ಇದು ಬೆರಳಿಗೆ ಬಂತು. ಮೂಸಿ ನೋಡಿದರು. ಆಮೇಲೆ ನನ್ನನ್ನು ನೋಡಿದರು.

ನನಗೆ ಒಂದು ಕ್ಷಣ ಏನೂ ಹೊಳೆಯಲಿಲ್ಲ. ಹೊಳೆದ ಮೇಲೆ ನಿಂತ ನೆಲ ಬಾಯಿಬಿಡಬಾರದೇ ಅನ್ನಿಸಿತು. ಬಲಗಡೆ! ತಲೆಕೆಳಗಾಗಿ ಇಟ್ಟ ಪೆಟ್ಟಿಗೆಯ ಬಲಗಡೆ! ಒಂದು ಪೆಟ್ಟಿಗೆ ಗಾಳಿಯನ್ನು ದಬ್ಬುವಾಗ ಇನ್ನೊಂದು ಎಳೆದುಕೊಂಡರೆ ಡಗ್ಗಾ ಎಲ್ಲಿಂದ ಬರಬೇಕು? ಮೂರು ವಾರ ಆ ಮನುಷ್ಯ ನನ್ನ ಕುಂಕುಮವನ್ನು ನಂಬಿ ಊಟ ಬಿಟ್ಟಿದ್ದರು. ಈಗ ಬೈಯುತ್ತಾರೆ, ಬೈಸಿಕೊಳ್ಳಲೇಬೇಕು ಎಂದು ತಲೆ ತಗ್ಗಿಸಿದೆ.

“ಪೂಜಾದ ಕುಂಕುಮ, ಅರಿವಿಗೆ ಒರಸಬಾರದು” ಎಂದರು ಕಾಕಾ. ಆ ಹೆಬ್ಬೆರಳನ್ನು ತಮ್ಮ ಹಣೆಗೆ ಒತ್ತಿಕೊಂಡು, ವಾಯರು ಅದಲುಬದಲು ಮಾಡಲು ಕುಳಿತರು.

ಡಗ್ಗಾ ಎದ್ದಿತು. ಕಾರಿನ ಗಾಜು ನಡುಗಿತು, ಅಂಗಳದ ಚಹಾ ಕಪ್ಪು ತಟ್ಟೆಯಲ್ಲಿ ಕುಣಿಯಿತು. ಚಿಗವ್ವ ಯಾರೂ ಕರೆಯದೆ ಹಿಂದಿನ ಬಾಗಿಲು ತೆಗೆದು ಒಳಗೆ ಕುಳಿತು, ಸೀಟಿಗೆ ಬೆನ್ನು ಒತ್ತಿದರು. ನಾನು ಬಾಗಿಲಲ್ಲಿ ನಿಂತಿದ್ದೆ. ನನ್ನ ಕೈ ಹಿಡಿದುಕೊಂಡರು. ಈ ಸಲ ದನಿ ಸಣ್ಣದಾಗಿತ್ತು, ಅವರಿಗೆ ಅಷ್ಟು ಸಣ್ಣ ದನಿ ಇನ್ನೂ ಉಳಿದಿದೆ ಎಂದು ನನಗೆ ಗೊತ್ತಿರಲಿಲ್ಲ.

“ಮೂರು ವಾರದಿಂದ ಏನೂ ಬರಲಿಲ್ಲ ಯವ್ವಾ. ಬೆನ್ನೂ ಕಿವುಡಾತು ಅನಕೊಂಡಿದ್ದೆ.”

ಆಮೇಲೆ ಎಲ್ಲವನ್ನೂ ಅವರೇ ಹೇಳಿದರು. ಹೊರ್ತಿಯ ದಾರಿಯಲ್ಲಿ ಆವತ್ತು ಬಂದದ್ದು ತಲೆನೋವಲ್ಲ. ಅವರ ಅಪ್ಪನ ಬೆನ್ನು ಅದು. ಸೀಟಿನ ಹಿಂದಿನಿಂದ ಡಗ್ಗಾ ಬಂದು ಬೆನ್ನಿಗೆ ತಾಗಿದಾಗ ಮೂರು ವರ್ಷದ ಮೇಲೆ ಮೊದಲ ಸಲ ಅವರಿಗೆ ಭಜನೆ ಕೇಳಿಸಿತ್ತು. ಮನೆಗೆ ಬಂದು ಗಂಡನಿಗೆ ಹೇಳಿದ್ದರು. ಯಾರಿಗೂ ಹೇಳಬೇಡಿ, ಕಿವುಡಿಗೆ ಹಾಡಿನ ಚಟ ಎಂದು ಮಂದಿ ನಗುತ್ತಾರೆ ಎಂದು ಮಾತು ತೆಗೆದುಕೊಂಡಿದ್ದರು. ಒಂದರಲ್ಲಿ ಹೊಟ್ಟೆ ತುಂಬುವುದಿಲ್ಲ ಎಂದಾಗ ನಾನು ಯಾರ ಹೊಟ್ಟೆ ಎಂದು ಕೇಳಿದ್ದೆ. ಕಾಕಾ ಕೊಟ್ಟ ಮಾತಿಗೆ ತಪ್ಪದೆ, ನನ್ನ ಬಾಯಿಯಿಂದ ಬಂದದ್ದನ್ನೆಲ್ಲ ಕೇಳಿಕೊಂಡು ಸುಮ್ಮನಿದ್ದರು. ನಗುವ ಮಂದಿ ಯಾರೆಂದು ಅವರಿಬ್ಬರಿಗೂ ಗೊತ್ತಿತ್ತು. ಕುರುಡರ ಮನೆಯ ಕನ್ನಡಿ ಎಂದವಳು ನಾನೇ ತಾನೆ? ನನಗೆ ನಾಚಿಕೆಯಾಯಿತು. ಇದನ್ನು ಅವರೆದುರು ಹೇಳಲು ಬಾಯಿ ಬರಲಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಹೊರಡುವ ಹೊತ್ತಾಯಿತು. ಕಾಕಾ ನನ್ನ ಬ್ಯಾಗು ನೋಡಿ, ಒಂದು ಪೆಟ್ಟಿಗೆ ಇಳಿಸಲೇ ಎಂದು ಕೇಳಿದರು. ಒಂದು ಇಳಿಸಿದರೆ ನಾಲ್ಕು ಓಮ್ ತಪ್ಪುತ್ತದಲ್ಲ ಕಾಕಾ ಎಂದೆ. ಅವರು ನನ್ನನ್ನು ನೋಡಿದ ನೋಟ, ಮೂವತ್ತು ವರ್ಷದಲ್ಲಿ ಒಬ್ಬ ವಿದ್ಯಾರ್ಥಿಯಾದರೂ ಪಾಸಾದನಲ್ಲ ಎನ್ನುವಂತಿತ್ತು.

ಬಾಗೇವಾಡಿಯ ದಾರಿಯುದ್ದಕ್ಕೂ ಭಜನೆ ನಡೆಯಿತು. ಬ್ಯಾಗು ಎಂದಿನಂತೆ ನನ್ನ ತೊಡೆಯ ಮೇಲೆ. ಸ್ವಲ್ಪ ದೂರ ಹೋದ ಮೇಲೆ ಚಿಗವ್ವನ ಎಡಗೈ ಬಂದು ಆ ಬ್ಯಾಗಿನ ಮೇಲೆ ಕುಳಿತಿತು. ಮೊದಲು ಒಂದು ಬೆರಳು, ಆಮೇಲೆ ನಾಲ್ಕು, ಆಮೇಲೆ ಇಡೀ ಅಂಗೈ. ಕಣ್ಣು ಮುಚ್ಚಿತ್ತು. ಒಂದು ಕಡೆ ಬೆರಳು ತಡೆದು, ಮುಖ ಸಿಂಡರಿಸಿ, “ಇಲ್ಲಿ ಒಂದು ಪೆಟ್ಟು ನುಂಗ್ಯಾನ, ಭಾಡ್ಯಾ” ಎಂದು ಜೋರಾಗಿ ಬೈದು ಮತ್ತೆ ಬಾರಿಸತೊಡಗಿದರು. ಮುಂದೆ ಕುಳಿತಿದ್ದ ಕಾಕಾನ ಹೆಗಲು ನಗುವಿನಿಂದ ಅಲುಗಿತು. ನಾನು ಬ್ಯಾಗು ಜಾರದಂತೆ ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡೆ.